ಡೂಮ್ ಈಮ್ಯಾಕ್ಸ್ ವಿಮರ್ಶೆ: ಹಾಕಿಕೊಳ್ಳುವುದು ಸುಲಭ, ಬಾಳಿಸಲು ಕ್ರಮ ಬೇಕು

ಈಮ್ಯಾಕ್ಸ್ ಎಂಬ ಪಠ್ಯ ಎಡಿಟರ್‌ಗೆ ಸಿದ್ಧ ಚೌಕಟ್ಟು, ಅಂದರೆ ಮೊದಲೇ ಜೋಡಿಸಿಟ್ಟ ಸೆಟ್ಟಿಂಗ್‌ಗಳ ಕಟ್ಟು, ಹುಡುಕುವವರ ಕಿವಿಗೆ ಮೊದಲು ಬೀಳುವ ಹೆಸರುಗಳು ಎರಡು: ಸ್ಪೇಸ್‌ಮ್ಯಾಕ್ಸ್ ಮತ್ತು ಡೂಮ್. ಡೂಮ್ ಬಗ್ಗೆ ಬಂದಿರುವ ಬರಹಗಳಲ್ಲಿ ಹೆಚ್ಚಿನವು ಮೊದಲ ದಿನದ ಮಾತು. ಎಷ್ಟು ಬೇಗ ತೆರೆಯುತ್ತದೆ, ಥೀಮ್ ಎಷ್ಟು ಚಂದ, ಸ್ಪೇಸ್ ಕೀ ಒತ್ತಿದರೆ ಬರುವ ಮೆನು ಎಷ್ಟು ಅನುಕೂಲ ಎಂಬಲ್ಲಿಗೆ ಅವು ಮುಗಿಯುತ್ತವೆ. ಆ ಹೊಗಳಿಕೆಯಲ್ಲಿ ತಪ್ಪೇನೂ ಇಲ್ಲ. ಆದರೆ ಎಡಿಟರ್ ಕಾನ್ಫಿಗ್, ಅಂದರೆ ನಮಗೆ ಬೇಕಾದಂತೆ ಬರೆದುಕೊಂಡ ಸೆಟ್ಟಿಂಗ್‌ಗಳು, ಒಂದು ದಿನದ ಸಾಮಾನಲ್ಲ. ಎರಡು ವರ್ಷ ಕಳೆದ ಮೇಲೆ, ನೂರಾರು ಸಾಲು ಸೇರಿಸಿದ ಮೇಲೆ, ಚೌಕಟ್ಟಿನ ಒಳಗೋಡೆಗಳನ್ನು ಅದನ್ನು ಕಟ್ಟಿದವರೇ ಒಡೆದು ಬೇರೆ ಕಡೆ ಎಬ್ಬಿಸಿದ ಮೇಲೆ ನಿಮ್ಮ ಕಾನ್ಫಿಗ್ ನಿಲ್ಲುತ್ತದೆಯೇ? ಈ ವಿಮರ್ಶೆ ನೋಡುವುದು ಅದನ್ನು.

ತೀರ್ಪು ಮೊದಲೇ ಹೇಳುತ್ತೇವೆ: ನಿಲ್ಲುತ್ತದೆ. ಆದರೆ ಯಾವುದು ಯಾವಾಗ ಲೋಡ್ ಆಗಬೇಕು ಎಂಬ ಡೂಮ್‌ನ ಕ್ರಮವನ್ನು ಒಪ್ಪಿಕೊಂಡು ಬರೆದ ಕಾನ್ಫಿಗ್ ಮಾತ್ರ ನಿಲ್ಲುತ್ತದೆ. ಆ ಕ್ರಮದ ಜೊತೆ ಗುದ್ದಾಡುವ ಕಾನ್ಫಿಗ್ ಪ್ರತಿ ಅಪ್‌ಗ್ರೇಡ್‌ಗೂ ಮುರಿಯುತ್ತದೆ. ಎಷ್ಟೋ ಸಲ ಮುರಿದದ್ದು ಗೊತ್ತೂ ಆಗುವುದಿಲ್ಲ.

ಡೂಮ್‌ನ ಕಟ್ಟಡ ಸರಳ. ಚೌಕಟ್ಟು ಒಂದು ಫೋಲ್ಡರ್‌ನಲ್ಲಿ, ನಿಮ್ಮದು ಇನ್ನೊಂದರಲ್ಲಿ. ನಿಮ್ಮ ಫೋಲ್ಡರ್‌ನಲ್ಲಿ ಮೂರೇ ಫೈಲ್. ಯಾವ ಮಾಡ್ಯೂಲ್ (ಒಂದು ಕೆಲಸಕ್ಕೆ ಸೇರಿದ ಸೆಟ್ಟಿಂಗ್‌ಗಳ ಗುಂಪು) ಬೇಕು ಎನ್ನುವುದು ಇನಿಟ್ ಫೈಲ್‌ನಲ್ಲಿ, ಹೊರಗಿನಿಂದ ತರುವ ಪ್ಯಾಕೇಜ್‌ಗಳು (ಹೆಚ್ಚುವರಿ ಸೌಲಭ್ಯಗಳು) ಪ್ಯಾಕೇಜಸ್ ಫೈಲ್‌ನಲ್ಲಿ, ಉಳಿದ ಎಲ್ಲವೂ ಕಾನ್ಫಿಗ್ ಫೈಲ್‌ನಲ್ಲಿ. ಮೊದಲ ಎರಡನ್ನು ಮುಟ್ಟಿದರೆ ಟರ್ಮಿನಲ್‌ನಲ್ಲಿ ಡೂಮ್ ಸಿಂಕ್ ಎಂಬ ಕಮಾಂಡ್ ಓಡಿಸಲೇಬೇಕು. ಮೂರನೆಯದಕ್ಕೆ ಈಮ್ಯಾಕ್ಸ್ ಮುಚ್ಚಿ ತೆರೆದರೆ ಸಾಕು. ಪ್ಯಾಕೇಜ್ ಹೆಸರು ಬರೆದು ಸಿಂಕ್ ಮರೆತು, ಪ್ಯಾಕೇಜ್ ಸಿಗುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವುದು ಹೊಸಬರು ಅತಿ ಹೆಚ್ಚು ಮಾಡುವ ತಪ್ಪು. ಈಮ್ಯಾಕ್ಸ್‌ನ ಸ್ವಂತ ಪ್ಯಾಕೇಜ್ ಇನ್‌ಸ್ಟಾಲ್ ಕಮಾಂಡ್ ಇಲ್ಲಿ ಕೆಲಸಕ್ಕೆ ಬಾರದು. ಡೂಮ್ ಪ್ಯಾಕೇಜ್‌ಗಳನ್ನು ಸ್ಟ್ರೇಟ್ ಎಂಬ ಮ್ಯಾನೇಜರ್ ಮೂಲಕ ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನಿಂದ ನೇರ ಕ್ಲೋನ್ (ನಕಲು) ಮಾಡಿಕೊಳ್ಳುತ್ತದೆ.

ಇನ್‌ಸ್ಟಾಲ್ ಹಂತದಲ್ಲಿ ಒಂದೇ ಒಂದು ಗುಂಡಿ ಇದೆ, ಅದರಲ್ಲಿ ಬೀಳುವವರು ಬಹಳ. ಹೋಮ್ ಫೋಲ್ಡರ್‌ನಲ್ಲಿ ಹಳೆಯ ಡಾಟ್ ಈಮ್ಯಾಕ್ಸ್ ಫೈಲ್ ಅಥವಾ ಡಾಟ್ ಈಮ್ಯಾಕ್ಸ್ ಡಾಟ್ ಡಿ ಫೋಲ್ಡರ್ ಉಳಿದಿದ್ದರೆ, ಡಾಟ್ ಕಾನ್ಫಿಗ್ ಒಳಗೆ ಹಾಕಿದ ಡೂಮ್ ಕಡೆ ಈಮ್ಯಾಕ್ಸ್ ತಿರುಗಿಯೂ ನೋಡುವುದಿಲ್ಲ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಬೋಳು ಈಮ್ಯಾಕ್ಸ್ ತೆರೆದುಕೊಳ್ಳುತ್ತದೆ. ಡೂಮ್ ಹಾಳಾಗಿದೆ ಎಂದುಕೊಳ್ಳುವ ಮೊದಲು ಅವೆರಡರ ಹೆಸರು ಬದಲಿಸಿ ನೋಡಿ. ಉಳಿದದ್ದಕ್ಕೆ ಡೂಮ್ ಡಾಕ್ಟರ್ ಇದೆ. ಹುಡುಕಾಟಕ್ಕೆ ಬೇಕಾದ ರಿಪ್‌ಗ್ರೆಪ್ ಇಲ್ಲದಿದ್ದರೆ, ಆನ್ ಮಾಡಿದ ಭಾಷಾ ಮಾಡ್ಯೂಲ್‌ಗೆ ಬೇಕಾದ ಹೊರಗಿನ ಪ್ರೋಗ್ರಾಂ ಇಲ್ಲದಿದ್ದರೆ ಅದು ಹೆಸರು ಹಿಡಿದು ಹೇಳುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಡೂಮ್‌ನಲ್ಲಿ ಫೈಲ್‌ಗಳು ಓಡುವ ಸರದಿ ನಿಶ್ಚಿತ. ಮೊದಲು ಡೂಮ್‌ನ ತಿರುಳು, ಆಮೇಲೆ ನಿಮ್ಮ ಇನಿಟ್, ಅದರ ಹಿಂದೆ ಒಂದೊಂದು ಮಾಡ್ಯೂಲಿನ ಇನಿಟ್, ಬಳಿಕ ಮಾಡ್ಯೂಲ್‌ಗಳ ಕಾನ್ಫಿಗ್, ಕೊನೆಗೆ ನಿಮ್ಮ ಕಾನ್ಫಿಗ್. ನಿಮ್ಮದು ಕೊನೆಗೆ ಬರುವುದರಿಂದ ನಿಮ್ಮ ಮಾತೇ ನಡೆಯಬೇಕಲ್ಲವೇ? ಹಾಗೆ ಅಂದುಕೊಂಡಲ್ಲೇ ಎಡವಟ್ಟಾಗುವುದು. ಮಾಡ್ಯೂಲಿನ ಕಾನ್ಫಿಗ್ ಫೈಲ್ ಮೊದಲೇ ಓಡಿದ್ದರೂ, ಅದರೊಳಗಿನ ಬಹುಪಾಲು ಸಾಲುಗಳು 'ಈ ಪ್ಯಾಕೇಜ್ ಲೋಡ್ ಆದ ಮೇಲೆ ಇದನ್ನು ಮಾಡು' ಎಂದು ಕಾದು ಕುಳಿತಿರುತ್ತವೆ. ಪ್ಯಾಕೇಜ್ ಲೋಡ್ ಆಗುವುದು ನೀವು ಮೊದಲ ಬಾರಿ ಅದನ್ನು ಬಳಸಿದಾಗ. ಅಷ್ಟರಲ್ಲಿ ನಿಮ್ಮ ಕಾನ್ಫಿಗ್ ಓಡಿ ಮುಗಿದಿರುತ್ತದೆ. ನೀವು ಇಟ್ಟ ಮೌಲ್ಯದ ಮೇಲೆ ಮಾಡ್ಯೂಲ್ ತನ್ನ ಮೌಲ್ಯ ಬರೆಯುತ್ತದೆ.

ಟಿಪ್ಪಣಿ, ಕೆಲಸದ ಪಟ್ಟಿ ಬರೆಯಲು ಇರುವ ಆರ್ಗ್ ಮೋಡ್‌ನಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ನಿಮ್ಮ ಕಾನ್ಫಿಗ್‌ನಲ್ಲಿ ಎರಡು ಸಾಲು ಇವೆ ಎನ್ನಿ: ಒಂದು ಆರ್ಗ್ ಫೈಲ್‌ಗಳ ಫೋಲ್ಡರ್ ಯಾವುದೆಂದು ಹೇಳುತ್ತದೆ, ಇನ್ನೊಂದು ಟೂಡೂ ಪದಗಳ ಪಟ್ಟಿ ಕೊಡುತ್ತದೆ. ಎರಡನ್ನೂ ಮೌಲ್ಯ ಇಡುವ ಬರಿಯ ಸೆಟ್‌ಕ್ಯೂನಿಂದ ಬರೆದರೆ ಫೋಲ್ಡರ್ ಸರಿಯಾಗಿ ನಿಲ್ಲುತ್ತದೆ, ಟೂಡೂ ಪಟ್ಟಿ ಮಾತ್ರ ಡೂಮ್‌ನದೇ ಬರುತ್ತದೆ. ಕಾರಣ, ಫೋಲ್ಡರ್ ಯಾವುದೆಂದು ಆರ್ಗ್ ಲೋಡ್ ಆಗುವ ಮೊದಲೇ ಗೊತ್ತಿರಬೇಕು, ಡೂಮ್ ಅದನ್ನು ಆಮೇಲೆ ಮುಟ್ಟುವುದಿಲ್ಲ. ಟೂಡೂ ಪಟ್ಟಿಯನ್ನು ಡೂಮ್ ಆರ್ಗ್ ಲೋಡ್ ಆದ ಬಳಿಕ ತಾನೇ ಇಡುತ್ತದೆ. ಹಾಗಾಗಿ ಮೊದಲ ಸಾಲು ಹೊರಗೇ ಇರಲಿ, ಎರಡನೆಯದನ್ನು ಪ್ಯಾಕೇಜ್ ಲೋಡ್ ಆಗುವವರೆಗೆ ಕಾಯುವ ಆಫ್ಟರ್ ಮ್ಯಾಕ್ರೋ ಒಳಗೆ ಹಾಕಿ. ಡೂಮ್‌ನ ಆಫ್ಟರ್ ಹೆಸರಿಗೆ ಕೊನೆಯಲ್ಲಿ ಆಶ್ಚರ್ಯಚಿಹ್ನೆ ಇದೆ, ಮರೆಯಬೇಡಿ. ಎಲ್ಲವನ್ನೂ ಕಣ್ಣುಮುಚ್ಚಿ ಆಫ್ಟರ್‌ಗೆ ತುಂಬಿದರೂ ತಪ್ಪೇ, ಯಾವುದನ್ನೂ ತುಂಬದಿದ್ದರೂ ತಪ್ಪೇ. ಗೊಂದಲವಾದರೆ ಸ್ಪೇಸ್, ಎಚ್, ವಿ ಒತ್ತಿ ವೇರಿಯಬಲ್‌ನ ಈಗಿನ ಮೌಲ್ಯ ನೋಡಿ, ಬಳಿಕ ಮಾಡ್ಯೂಲಿನ ಮೂಲ ತೆರೆದು ಅದನ್ನು ಎಲ್ಲಿ ಇಟ್ಟಿದ್ದಾರೆ ಎಂದು ಹುಡುಕಿ. ಎರಡು ನಿಮಿಷದ ಕೆಲಸ.

ಆಫ್ಟರ್‌ಗೆ ಕೊಡುವ ಹೆಸರಿನಲ್ಲೂ ಎಚ್ಚರ ಬೇಕು. ಅದು ಡೂಮ್ ಮಾಡ್ಯೂಲಿನ ಹೆಸರಲ್ಲ, ಪ್ಯಾಕೇಜ್ ಒದಗಿಸುವ ಫೀಚರಿನ ಹೆಸರು, ಅಂದರೆ ಲೋಡ್ ಆದಾಗ ಅದು ತನ್ನನ್ನು ಗುರುತಿಸಿಕೊಳ್ಳುವ ಹೆಸರು. ಸಿ ಭಾಷೆಯ ಮಾಡ್ಯೂಲಿಗೆ ಡೂಮ್‌ನಲ್ಲಿ ಸಿಸಿ ಎಂದು ಹೆಸರು, ಫೀಚರ್ ಮಾತ್ರ ಸಿಸಿ-ಮೋಡ್. ತಪ್ಪು ಹೆಸರು ಕೊಟ್ಟರೆ ಎರರ್ ಬರುವುದಿಲ್ಲ. ಎಂದೂ ಲೋಡ್ ಆಗದ ಹೆಸರಿಗೆ ನಿಮ್ಮ ಸಾಲುಗಳು ಕಾಯುತ್ತಲೇ ಇರುತ್ತವೆ. ಡೂಮ್‌ನಲ್ಲಿ ನಮಗೆ ಅತಿ ಬೇಸರ ತರುವ ಗುಣ ಇದೇ: ಕೆಟ್ಟದ್ದು ಕೂಗಿ ಹೇಳುವುದಿಲ್ಲ.

ಇನ್ನೊಂದು ಮೌನ ತಪ್ಪು ಟ್ಯಾಬ್ ಅಗಲದಂಥ ಬಫರ್ (ತೆರೆದ ಒಂದೊಂದು ಫೈಲ್) ಮಟ್ಟದ ವೇರಿಯಬಲ್‌ಗಳದು. ಕಾನ್ಫಿಗ್‌ನಲ್ಲಿ ಬರಿಯ ಸೆಟ್‌ಕ್ಯೂ ಬರೆದರೆ ಅದು ಆ ಕ್ಷಣದ ಬಫರ್‌ಗೆ ಮಾತ್ರ ಅಂಟುತ್ತದೆ, ಮುಂದೆ ತೆರೆಯುವ ಫೈಲ್‌ಗೆ ತಾಕುವುದಿಲ್ಲ. ಎಲ್ಲೆಡೆ ಬೇಕಿದ್ದರೆ ಸೆಟ್‌ಕ್ಯೂ-ಡೀಫಾಲ್ಟ್, ಒಂದೇ ಭಾಷೆಗೆ ಬೇಕಿದ್ದರೆ ಡೂಮ್‌ನ ಸೆಟ್‌ಕ್ಯೂ-ಹುಕ್ ಬಳಸಿ. ಅಷ್ಟಾದರೂ ಅಗಲ ಬೇರೆಯೇ ಕಂಡರೆ ಡಿಟಿಆರ್‌ಟಿ-ಇಂಡೆಂಟ್ ಎಂಬ ಪ್ಯಾಕೇಜ್ ನಿಮ್ಮ ಫೈಲ್ ಓದಿ ತಾನೇ ಊಹಿಸಿರಬಹುದು, ಇಲ್ಲವೇ ಪ್ರಾಜೆಕ್ಟ್‌ನಲ್ಲಿ ಅಗಲ ನಿಗದಿ ಮಾಡುವ ಎಡಿಟರ್‌ಕಾನ್ಫಿಗ್ ಫೈಲ್ ಕುಳಿತಿರಬಹುದು.

ಕೀ ಜೋಡಣೆಗೆ ಇರುವ ಮ್ಯಾಪ್ ಮ್ಯಾಕ್ರೋ ಡೂಮ್‌ನ ಅತ್ಯುತ್ತಮ ತುಣುಕು. ಕೀಮ್ಯಾಪ್ (ಕೀಗಳ ಪಟ್ಟಿ) ಇನ್ನೂ ಲೋಡ್ ಆಗಿರದಿದ್ದರೆ ತಾನೇ ಕಾಯುತ್ತದೆ, ಆಫ್ಟರ್ ಸುತ್ತಬೇಕಿಲ್ಲ. ವಿಮ್ ಎಡಿಟರ್‌ನ ಕೀಗಳನ್ನು ತರುವ ಎವಿಲ್ ಬಳಸುವವರು ನಾರ್ಮಲ್, ಇನ್ಸರ್ಟ್, ವಿಶುವಲ್ ಯಾವ ಸ್ಥಿತಿಗೆ ಎಂದು ಹೇಳಬೇಕು. ಹೇಳದಿದ್ದರೆ ಎವಿಲ್‌ನ ಕೀಯೇ ಗೆಲ್ಲುತ್ತದೆ. ವಿಮ್ ಶೈಲಿ ಬೇಡವೆಂದು ಎವಿಲ್ ಮಾಡ್ಯೂಲ್ ತೆಗೆದರೂ ಡೂಮ್ ನಡೆಯುತ್ತದೆ, ಆಗ ಮೆನು ತೆರೆಯುವ ಲೀಡರ್ ಕೀ ಸ್ಪೇಸ್ ಬದಲು ಕಂಟ್ರೋಲ್-ಸಿ ಆಗುತ್ತದೆ.

ವೇಗದ ಬಗ್ಗೆ ಎಲ್ಲರೂ ಬರೆದಿದ್ದಾರೆ, ಅದು ಎಲ್ಲಿಂದ ಬರುತ್ತದೆ ಎಂಬುದಷ್ಟೇ ನಮ್ಮ ಮಾತು. ಈಮ್ಯಾಕ್ಸ್‌ನಲ್ಲಿ ಕಸ ಗುಡಿಸುವ, ಅಂದರೆ ಬೇಡವಾದ ಮೆಮೊರಿ ತೆರವು ಮಾಡುವ ಮಿತಿ ಮೊದಲಿನಿಂದ ಬಂದಂತೆ 8,00,000 ಬೈಟ್. ಪ್ಯಾಕೇಜ್‌ಗಳನ್ನು ಸಾಲಾಗಿ ಲೋಡ್ ಮಾಡುವಾಗ ಇಷ್ಟು ಸಣ್ಣ ಮಿತಿ ಮತ್ತೆ ಮತ್ತೆ ತುಂಬಿ, ಮತ್ತೆ ಮತ್ತೆ ಗುಡಿಸಬೇಕಾಗುತ್ತದೆ. ಡೂಮ್ ಶುರುವಾಗುವಾಗ ಮಿತಿಯನ್ನು ಆಕಾಶಕ್ಕೇರಿಸಿ, ಆಮೇಲೆ ಹದಕ್ಕೆ ಇಳಿಸುತ್ತದೆ. ಜೊತೆಗೆ ಹೆಚ್ಚಿನ ಪ್ಯಾಕೇಜ್‌ಗಳನ್ನು ಮೊದಲ ಕೀ ಒತ್ತುವವರೆಗೆ ಅಥವಾ ಮೊದಲ ಫೈಲ್ ತೆರೆಯುವವರೆಗೆ ಮುಂದೂಡುತ್ತದೆ. ಆರ್ಗ್, ಗಿಟ್ ಬಳಸಲು ಇರುವ ಮ್ಯಾಗಿಟ್‌ನಂಥ ಭಾರದವುಗಳ ತುಂಡುಗಳನ್ನು ನೀವು ಸುಮ್ಮನಿರುವ ಗಳಿಗೆ ನೋಡಿ ಒಂದೊಂದಾಗಿ ಒಳಗೆಳೆದುಕೊಳ್ಳುತ್ತದೆ. ಈ ಜಾಣ್ಮೆಯನ್ನು ನಿಮ್ಮ ಒಂದೇ ಸಾಲು ಕೆಡಿಸಬಲ್ಲದು. ಕಾನ್ಫಿಗ್‌ನ ಮೇಲ್ಮಟ್ಟದಲ್ಲಿ ಆರ್ಗ್ ಅನ್ನು ರಿಕ್ವೈರ್ (ತಕ್ಷಣ ಲೋಡ್) ಮಾಡಿದಿರಾದರೆ, ಮುಂದೂಡಿದ್ದೆಲ್ಲ ಆ ಕ್ಷಣಕ್ಕೇ ಬಂದು ಬೀಳುತ್ತದೆ. ಡೂಮ್ ನಿಧಾನವಾಯಿತು ಎಂಬ ದೂರಿನ ಹಿಂದೆ ಮೊದಲು ಹುಡುಕಬೇಕಾದದ್ದು ಇಂಥ ರಿಕ್ವೈರ್.

ಇನ್ನು ಪಿನ್. ಡೂಮ್ ತನ್ನ ಮಾಡ್ಯೂಲ್‌ಗಳ ಪ್ಯಾಕೇಜ್‌ಗಳನ್ನು ನಿರ್ದಿಷ್ಟ ಕಮಿಟ್‌ಗೆ (ಗಿಟ್‌ನಲ್ಲಿ ದಾಖಲಾದ ಕೋಡ್‌ನ ಒಂದು ಸ್ಥಿತಿಗೆ) ಮೊಳೆ ಹೊಡೆದಂತೆ ಕಟ್ಟಿಡುತ್ತದೆ. ಇಂದು ಬೆಳಗ್ಗೆ ಮೂಲದಲ್ಲಿ ಯಾರೋ ಮುರಿದದ್ದು ಸಂಜೆ ನಿಮ್ಮ ಯಂತ್ರದಲ್ಲಿ ಮುರಿಯುವುದಿಲ್ಲ. ಎರಡು ಯಂತ್ರಗಳಲ್ಲಿ ಡೂಮ್‌ನ ಕಮಿಟ್ ಒಂದೇ ಇದ್ದರೆ ಪಿನ್ ಆದ ಪ್ಯಾಕೇಜ್‌ಗಳೂ ಒಂದೇ. ಈ ಒಂದು ಗುಣಕ್ಕಾಗಿಯೇ ಡೂಮ್ ಆರಿಸಿಕೊಳ್ಳಬಹುದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಆದರೆ ನೀವು ಸ್ವತಃ ಸೇರಿಸುವ ಪ್ಯಾಕೇಜ್‌ಗೆ ಈ ರಕ್ಷಣೆ ತಾನಾಗಿ ಬರುವುದಿಲ್ಲ. ಪ್ಯಾಕೇಜಸ್ ಫೈಲ್‌ನಲ್ಲಿ ಪ್ರತಿಯೊಂದರ ಮುಂದೆ ಪಿನ್ ಎಂದು ಬರೆದು ಕಮಿಟ್ ಹ್ಯಾಶ್ (ಅದರ ಗುರುತು) ನೀವೇ ಕೊಡಬೇಕು. ಇದನ್ನು ಬಹುತೇಕರು ಮಾಡುವುದಿಲ್ಲ. ಆಮೇಲೆ ಡೂಮ್ ಅಪ್‌ಗ್ರೇಡ್ ಮುರಿಯಿತು ಎಂದು ದೂರುವಾಗ, ಮುರಿದದ್ದು ತಾವೇ ತಂದ, ಪಿನ್ ಮಾಡದ ಪ್ಯಾಕೇಜ್ ಆಗಿರುತ್ತದೆ.

ಹೊಸ ಸೌಲಭ್ಯ ಬೇಕೆಂದು ಡೂಮ್‌ನ ಪಿನ್ ಬಿಚ್ಚುವುದಕ್ಕೂ ದಾರಿ ಇದೆ, ಅನ್‌ಪಿನ್. ಒಂದೇ ಪ್ಯಾಕೇಜ್ ಬಿಚ್ಚಿದರೆ ಅದು ನೆಚ್ಚಿಕೊಂಡವು ಹಳೆಯದರಲ್ಲೇ ಉಳಿಯುತ್ತವೆ. ಮ್ಯಾಗಿಟ್ ಹೊಸದಾಗಿ, ಅದರ ಮೆನು ಕಟ್ಟುವ ಟ್ರಾನ್ಸಿಯಂಟ್ ಹಳೆಯದಾಗಿ ಉಳಿದರೆ ಮೆನು ತೆರೆಯುವಾಗಲೇ ಇಲ್ಲದ ಫಂಕ್ಷನ್ ಕರೆದ ಎರರ್ ಬರುತ್ತದೆ. ಬಿಚ್ಚುವುದಿದ್ದರೆ ಇಡೀ ಮಾಡ್ಯೂಲಿನ ಪಿನ್ ಒಟ್ಟಿಗೆ ಬಿಚ್ಚಿ. ಎಲ್ಲ ಪ್ಯಾಕೇಜ್‌ಗಳ ಪಿನ್ ಒಂದೇ ಏಟಿಗೆ ಬಿಚ್ಚುವ ಸೌಲಭ್ಯವೂ ಇದೆ. ಅದನ್ನು ಬಳಸಬೇಡಿ, ಡೂಮ್‌ನ ಅರ್ಧ ಬೆಲೆ ಅಲ್ಲೇ ಹೋಗುತ್ತದೆ.

ಡೂಮ್‌ನ ನಿಜವಾದ ಕೊರತೆ ಬಿಡುಗಡೆಗಳದು. ವರ್ಷಕ್ಕೆ ಒಂದೆರಡು ಸ್ಥಿರ ಆವೃತ್ತಿ, ಬದಲಾದದ್ದರ ಪಟ್ಟಿ, ಹಳೆಯ ಹೆಸರುಗಳಿಗೆ ಗಡುವು ಎಂಬ ಶಿಸ್ತು ಇಲ್ಲಿಲ್ಲ. ಎಲ್ಲರೂ ಒಂದೇ ಹರಿಯುವ ಶಾಖೆಯ ಮೇಲೆ ಇದ್ದಾರೆ. 2022ರಲ್ಲಿ ನಡೆದ ದೊಡ್ಡ ಪುನರ್ರಚನೆ ಇದಕ್ಕೆ ಒಳ್ಳೆಯ ಉದಾಹರಣೆ. ಕೋರ್ ಎಂಬ ಫೋಲ್ಡರ್ ಲಿಸ್ಪ್ ಆಯಿತು. ಮಾಡ್ಯೂಲ್ ಆನ್ ಇದೆಯೇ ಎಂದು ಕೇಳುವ ಫೀಚರ್‌ಪಿ ಮ್ಯಾಕ್ರೋ ಮಾಡ್ಯೂಲ್‌ಪಿ ಆಯಿತು. ನಿಮ್ಮ ಫೋಲ್ಡರ್ ಸೂಚಿಸುವ ವೇರಿಯಬಲ್‌ನಲ್ಲಿ ಪ್ರೈವೇಟ್ ಇದ್ದ ಜಾಗಕ್ಕೆ ಯೂಸರ್ ಬಂತು. ತಾಂತ್ರಿಕವಾಗಿ ಪ್ರತಿಯೊಂದೂ ಒಳ್ಳೆಯ ಬದಲಾವಣೆ. ಈಮ್ಯಾಕ್ಸ್‌ನ ಸ್ವಂತ ಫೀಚರ್‌ಪಿ ಫಂಕ್ಷನ್ನಿಗೂ ಡೂಮ್‌ನ ಮ್ಯಾಕ್ರೋಗೂ ಒಂದೇ ಚಿಹ್ನೆಯ ವ್ಯತ್ಯಾಸ ಇದ್ದದ್ದು ನಿಜಕ್ಕೂ ಗೊಂದಲ ಮಾಡುತ್ತಿತ್ತು. ಆದರೆ ಸ್ವಂತ ಮಾಡ್ಯೂಲ್ ಬರೆದುಕೊಂಡವರು ಹಳೆಯ ಹೆಸರುಗಳನ್ನು ಹುಡುಕಿ ಹುಡುಕಿ ತಿದ್ದಬೇಕಾಯಿತು. ದಾಖಲೆಯೂ ಅರ್ಧಂಬರ್ಧ. ಎಷ್ಟೋ ಮಾಡ್ಯೂಲಿನ ರೀಡ್‌ಮಿಯಲ್ಲಿ ಮುಖ್ಯ ಭಾಗಗಳು ಬರೆಯುವುದು ಬಾಕಿ ಎಂದೇ ಉಳಿದಿವೆ. ಮೂಲ ಓದಲು ಹಿಂಜರಿಯುವವರಿಗೆ ಡೂಮ್ ದೀರ್ಘಕಾಲ ಹಿಡಿಸುವುದು ಕಷ್ಟ.

ಹಾಗಾದರೆ ಅಪ್‌ಗ್ರೇಡ್ ಹೇಗೆ? ನೇರವಾಗಿ ಡೂಮ್ ಅಪ್‌ಗ್ರೇಡ್ ಒತ್ತಿ ಕೈಮುಗಿದು ಕೂರುವ ಬದಲು ಪಕ್ಕದಲ್ಲಿ ಪರೀಕ್ಷೆ ಮಾಡಿ. ಈಮ್ಯಾಕ್ಸ್ 29ರಿಂದ ಇನಿಟ್ ಡೈರೆಕ್ಟರಿ ಯಾವುದೆಂದು ಕಮಾಂಡ್ ಸಾಲಿನಲ್ಲೇ ಹೇಳಬಹುದು. ಡೂಮ್ ಅನ್ನು ಬೇರೊಂದು ಫೋಲ್ಡರ್‌ಗೆ ಹೊಸದಾಗಿ ಕ್ಲೋನ್ ಮಾಡಿ, ನಿಮ್ಮ ಕಾನ್ಫಿಗ್ ಫೋಲ್ಡರ್‌ನದೂ ಒಂದು ನಕಲು ಮಾಡಿ. ಡೂಮ್‌ಡಿರ್ ಎಂಬ ಪರಿಸರ ವೇರಿಯಬಲ್ ಆ ನಕಲನ್ನು ತೋರಿಸುವಂತೆ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಹೊಸ ಕ್ಲೋನ್‌ನ ಬಿನ್ ಒಳಗಿನ ಡೂಮ್ ಕಮಾಂಡನ್ನೇ ಪೂರ್ಣ ಪಾಥ್ ಕೊಟ್ಟು ಸಿಂಕ್ ಓಡಿಸಿ. ಬರಿಯ ಡೂಮ್ ಎಂದರೆ ಶೆಲ್ ಹಳೆಯದನ್ನೇ ಓಡಿಸುತ್ತದೆ, ಎಡವುವುದು ಇಲ್ಲೇ. ಕೊನೆಗೆ ಅದೇ ಟರ್ಮಿನಲ್‌ನಿಂದ ಹೊಸ ಫೋಲ್ಡರ್ ಹೆಸರಿಸಿ ಈಮ್ಯಾಕ್ಸ್ ತೆರೆಯಿರಿ. ಬೇರೆ ಟರ್ಮಿನಲ್‌ನಿಂದ ತೆರೆದರೆ ಎಕ್ಸ್‌ಪೋರ್ಟ್ ಮಾಡಿದ್ದು ಅಲ್ಲಿರುವುದಿಲ್ಲ, ಹೊಸ ಡೂಮ್ ಮೇಲೆ ನಿಮ್ಮ ಅಸಲಿ ಕಾನ್ಫಿಗ್ ಓಡುತ್ತದೆ. ಕ್ಲೋನ್ ಮಾಡಿದ ಪ್ಯಾಕೇಜ್‌ಗಳು ಆಯಾ ಡೂಮ್ ಫೋಲ್ಡರ್‌ನ ಡಾಟ್ ಲೋಕಲ್ ಒಳಗೇ ಇರುವುದರಿಂದ ಎರಡೂ ಒಂದನ್ನೊಂದು ಮುಟ್ಟುವುದಿಲ್ಲ. ಒಂದು ವಾರ ಬಳಸಿ, ಸರಿ ಅನಿಸಿದರೆ ಆ ಕಮಿಟ್‌ಗೆ ಮೂಲವನ್ನೂ ಏರಿಸಿ. ಕೆಟ್ಟರೆ ಹಳೆಯ ಕಮಿಟ್‌ಗೆ ಚೆಕ್‌ಔಟ್ ಮಾಡಿ ಮತ್ತೆ ಸಿಂಕ್ ಮಾಡಿದರೆ ಪಿನ್ ಆದವು ಹಿಂದಿನ ಜಾಗಕ್ಕೆ ಮರಳುತ್ತವೆ. ಅಪ್‌ಗ್ರೇಡ್‌ಗೆ ಮುನ್ನ ಡೂಮ್‌ನ ಕಮಿಟ್ ಹ್ಯಾಶ್ ಬರೆದಿಟ್ಟುಕೊಳ್ಳುವುದು ಇದಕ್ಕಾಗಿಯೇ.

ಈಮ್ಯಾಕ್ಸನ್ನು ಡೀಮನ್ ಆಗಿ, ಅಂದರೆ ಸದಾ ಹಿನ್ನೆಲೆಯಲ್ಲಿ ಓಡಿಸುವವರು ಸಿಂಕ್ ಆದ ಮೇಲೆ ಡೀಮನ್ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ರೀಲೋಡ್ ಕಮಾಂಡ್ ಇದೆ ನಿಜ, ಆದರೆ ಈಗಾಗಲೇ ನೆನಪಿನಲ್ಲಿ ಕುಳಿತ ಹಳೆಯ ಫಂಕ್ಷನ್‌ಗಳನ್ನು ಅದು ಪೂರ್ತಿ ಎಬ್ಬಿಸುವುದಿಲ್ಲ. ಈಮ್ಯಾಕ್ಸ್‌ನ ಆವೃತ್ತಿಯೇ ಬದಲಾದರೆ ಸಿಂಕ್ ಕಡ್ಡಾಯ. ಒಂದು ಆವೃತ್ತಿಯಲ್ಲಿ ಕಂಪೈಲ್ ಆದ ಬೈಟ್‌ಕೋಡ್ ಇನ್ನೊಂದರಲ್ಲಿ ಸರಿಯಾಗಿ ನಡೆಯುತ್ತದೆ ಎಂಬ ಖಾತ್ರಿ ಇಲ್ಲ.

ನಿಮ್ಮ ಸ್ವಂತ ಕಾನ್ಫಿಗ್ ಬೆಳೆದು ನಿಂತಾಗ ಅದನ್ನು ಒಡೆದು ಜೋಡಿಸಲು ಡೂಮ್ ಕೊಡುವ ಸಾಧನ ಖಾಸಗಿ ಮಾಡ್ಯೂಲ್. ಡೂಮ್‌ನೊಳಗೆ ಇರುವ ರಚನೆಯೇ ನಿಮ್ಮ ಫೋಲ್ಡರ್‌ನಲ್ಲೂ: ವರ್ಗ, ಅದರೊಳಗೆ ಮಾಡ್ಯೂಲ್, ಅದರೊಳಗೆ ಕಾನ್ಫಿಗ್, ಪ್ಯಾಕೇಜಸ್, ಆಟೋಲೋಡ್, ಡಾಕ್ಟರ್ ಫೈಲ್‌ಗಳು. ಒಂದೇ ಕೆಲಸಕ್ಕೆ ಸೇರಿದ ಪ್ಯಾಕೇಜ್, ಸೆಟ್ಟಿಂಗ್, ಕೀ ಮೂರೂ ಕಾನ್ಫಿಗ್‌ನ ಬೇರೆ ಬೇರೆ ಮೂಲೆಯಲ್ಲಿ ಚದುರಿದ್ದರೆ ಅವನ್ನು ಒಂದು ಮಾಡ್ಯೂಲ್ ಮಾಡುವ ಹೊತ್ತು ಬಂದಿದೆ ಎಂದರ್ಥ. ಮೊದಲು ನಿಮ್ಮ ಫಂಕ್ಷನ್‌ಗಳನ್ನು ಆಟೋಲೋಡ್ ಫೈಲ್‌ಗೆ ಸಾಗಿಸಿ, ಪ್ರತಿಯೊಂದರ ಮೇಲೆ ಆಟೋಲೋಡ್ ಗುರುತಿನ ಸಾಲು ಹಾಕಿ, ಸಿಂಕ್ ಮಾಡಿ. ಕರೆದಾಗ ಮಾತ್ರ ಅವು ಲೋಡ್ ಆಗುತ್ತವೆ. ಗುರುತಿನ ಸಾಲು ಹಾಕಿ ಸಿಂಕ್ ಮರೆತರೆ ಫಂಕ್ಷನ್ ಇಲ್ಲವೆಂಬ ಎರರ್ ಖಚಿತ.

ಇಲ್ಲಿ ದೊಡ್ಡ ತಪ್ಪೊಂದಿದೆ. ಡೂಮ್‌ನ ಪೈಥಾನ್ ಮಾಡ್ಯೂಲಿನಲ್ಲಿ ಏನೋ ಸಣ್ಣದನ್ನು ಬದಲಿಸಬೇಕು ಎಂದು ಅದೇ ವರ್ಗ, ಅದೇ ಹೆಸರಿನಲ್ಲಿ ಖಾಸಗಿ ಮಾಡ್ಯೂಲ್ ಮಾಡಿದರೆ, ಡೂಮ್ ಎರಡನ್ನೂ ಬೆರೆಸುವುದಿಲ್ಲ. ನಿಮ್ಮದು ಮೂಲದ್ದನ್ನು ಪೂರ್ತಿ ಮರೆಮಾಡುತ್ತದೆ. ಅಂದಿನಿಂದ ಡೂಮ್‌ನವರು ಆ ಮಾಡ್ಯೂಲಿಗೆ ಮಾಡುವ ಯಾವ ದುರಸ್ತಿಯೂ ನಿಮಗೆ ಬಾರದು. ಸಣ್ಣ ಬದಲಾವಣೆಗೆ ಕಾನ್ಫಿಗ್‌ನಲ್ಲಿ ಒಂದು ಆಫ್ಟರ್ ಸಾಕು. ಖಾಸಗಿ ಮಾಡ್ಯೂಲಿಗೆ ನಿಮ್ಮದೇ ವರ್ಗದ ಹೆಸರಿಡಿ.

ಅಡ್ವೈಸ್ ಬಗ್ಗೆಯೂ ಇದೇ ಎಚ್ಚರ. ಬೇರೆಯವರ ಫಂಕ್ಷನ್ ಸುತ್ತ ನಿಮ್ಮ ಕೋಡ್ ಸುತ್ತಿದ್ದೀರಿ, ಮುಂದಿನ ಪುನರ್ರಚನೆಯಲ್ಲಿ ಆ ಫಂಕ್ಷನ್ನಿನ ಹೆಸರು ಬದಲಾಯಿತು. ಇಲ್ಲದ ಹೆಸರಿಗೂ ಅಡ್ವೈಸ್ ಸೇರಿಸಲು ಈಮ್ಯಾಕ್ಸ್ ಒಪ್ಪುತ್ತದೆ, ಹಾಗಾಗಿ ಎರರ್ ಇಲ್ಲದೆ ನಿಮ್ಮ ಸೌಲಭ್ಯ ಮಾಯವಾಗುತ್ತದೆ. ಹೆಸರಿನಲ್ಲಿ ಎರಡು ಅಡ್ಡಗೆರೆ ಇರುವ ಫಂಕ್ಷನ್‌ಗಳು ಒಳಗಿನವು, ಯಾವಾಗ ಬೇಕಾದರೂ ಬದಲಾಗಬಹುದು. ಅವನ್ನು ಮುಟ್ಟಲೇಬೇಕಾದರೆ ಎಲ್ಲವನ್ನೂ ಒಂದೇ ಫೈಲ್‌ನಲ್ಲಿಟ್ಟು, ಪ್ರತಿ ಅಪ್‌ಗ್ರೇಡ್ ಆದ ಮೇಲೆ ಆ ಫೈಲ್ ಒಂದನ್ನಾದರೂ ಸಾಲು ಸಾಲಾಗಿ ಪರೀಕ್ಷಿಸಿ.

ಒಂದು ಮೋಡ್ ಶುರುವಾದಾಗ ತಾವಾಗಿ ಓಡುವ ಹುಕ್‌ಗಳಲ್ಲಿ ಈಚೆಗೆ ಬಂದ ತೊಡಕು, ಕೋಡ್‌ನ ರಚನೆ ಓದುವ ಟ್ರೀ-ಸಿಟರ್. ಈಮ್ಯಾಕ್ಸ್ 29ರಲ್ಲಿ ಅದು ಒಳಗೇ ಸೇರಿ, ಪೈಥಾನ್‌ಗೆ ಪೈಥಾನ್-ಟಿಎಸ್-ಮೋಡ್ ಎಂಬ ಬೇರೆಯೇ ಮೋಡ್ ಬಂತು. ಹಳೆಯ ಪೈಥಾನ್-ಮೋಡ್ ಹುಕ್‌ಗೆ ಸೇರಿಸಿದ್ದು ಹೊಸ ಮೋಡ್‌ನಲ್ಲಿ ಓಡುವುದಿಲ್ಲ. ಎರಡಕ್ಕೂ ತಾಯಿಯಾದ ಪೈಥಾನ್-ಬೇಸ್-ಮೋಡ್‌ನ ಹುಕ್‌ಗೆ ಸೇರಿಸಿದರೆ ಎರಡರಲ್ಲೂ ನಡೆಯುತ್ತದೆ. ಇದು ಡೂಮ್‌ನ ತಪ್ಪಲ್ಲ, ಆದರೂ ಪೆಟ್ಟು ಡೂಮ್ ಬಳಸುವವರಿಗೂ ಬೀಳುತ್ತದೆ.

ಲಿಟರೇಟ್ ಮಾಡ್ಯೂಲ್, ಅಂದರೆ ಕಾನ್ಫಿಗ್ ಪೂರ್ತಿ ಆರ್ಗ್ ಫೈಲ್‌ನಲ್ಲಿ ವಿವರಣೆ ಸಮೇತ ಬರೆಯುವ ಪದ್ಧತಿಯನ್ನು ನಾವು ಶಿಫಾರಸು ಮಾಡುವುದಿಲ್ಲ. ಓದಲು ಚಂದ. ಆದರೆ ಎರರ್ ಬಂದಾಗ ತೋರಿಸುವ ಸಾಲಿನ ಸಂಖ್ಯೆ ಹುಟ್ಟಿಸಿದ ಫೈಲ್‌ನದು, ನೀವು ತಿದ್ದಬೇಕಾದದ್ದು ಆರ್ಗ್ ಫೈಲ್. ಕೆಟ್ಟದ್ದನ್ನು ಹುಡುಕುವುದೇ ಮುಖ್ಯ ಕೆಲಸವಾಗಿರುವಲ್ಲಿ ಇದೊಂದು ಅನಗತ್ಯ ಪರದೆ. ಕಸ್ಟಮೈಸ್ ಪರದೆಯಿಂದ ಸೆಟ್ಟಿಂಗ್ ಉಳಿಸುವುದೂ ಬೇಡ. ಅದು ಬೇರೊಂದು ಫೈಲ್‌ನಲ್ಲಿ ಕುಳಿತು, ನಿಮ್ಮ ಕಾನ್ಫಿಗ್ ಏನೇ ಹೇಳಲಿ ತನ್ನದನ್ನೇ ಹೇರುತ್ತದೆ.

ಏನೋ ಕೆಟ್ಟಿದೆ, ಯಾರದು ತಪ್ಪು ಗೊತ್ತಿಲ್ಲ ಎಂದಾಗ ಡೂಮ್‌ನ ಸ್ಯಾಂಡ್‌ಬಾಕ್ಸ್ ತೆರೆಯಿರಿ. ಬೋಳು ಈಮ್ಯಾಕ್ಸ್, ಬರಿಯ ಡೂಮ್, ಮಾಡ್ಯೂಲ್ ಸಹಿತ ಡೂಮ್, ನಿಮ್ಮ ಕಾನ್ಫಿಗ್ ಸಹಿತ ಡೂಮ್ ಎಂದು ನಾಲ್ಕು ಮೆಟ್ಟಿಲುಗಳಲ್ಲಿ ಒಂದೇ ತುಣುಕು ಕೋಡ್ ಓಡಿಸಿ ನೋಡಬಹುದು. ಬೋಳು ಈಮ್ಯಾಕ್ಸ್‌ನಲ್ಲೂ ಕೆಟ್ಟರೆ ಪ್ಯಾಕೇಜ್ ಬರೆದವರಿಗೆ ತಿಳಿಸಿ. ಕೊನೆಯ ಮೆಟ್ಟಿಲಲ್ಲಿ ಮಾತ್ರ ಕೆಟ್ಟರೆ ಕಾನ್ಫಿಗ್‌ನ ಅರ್ಧ ಕಾಮೆಂಟ್ ಮಾಡಿ, ಉಳಿದರ್ಧ ಓಡಿಸಿ, ಹೀಗೆ ಅರ್ಧರ್ಧ ಮಾಡುತ್ತಾ ಹೋಗಿ. 500 ಸಾಲಿನ ಫೈಲ್‌ನಲ್ಲೂ ಒಂಬತ್ತು ಸುತ್ತಿಗೆ ಸಾಲು ಸಿಗುತ್ತದೆ. ಅಪ್‌ಗ್ರೇಡ್ ಆದ ಮೇಲೆ ಡೂಮ್‌ನಲ್ಲೇ ಕೆಟ್ಟಿದ್ದರೆ ಕಮಿಟ್‌ಗಳಲ್ಲೂ ಹೀಗೇ ಅರ್ಧರ್ಧ ಮಾಡಿ ಹುಡುಕುವ ಗಿಟ್ ಬೈಸೆಕ್ಟ್ ಇದೆ, ಪ್ರತಿ ಹೆಜ್ಜೆಗೂ ಸಿಂಕ್ ಮಾಡಲು ಮರೆಯಬೇಡಿ.

ಯಾರು ತೆಗೆದುಕೊಳ್ಳಬೇಕು? ವಿಮ್ ಕೀಗಳು ಕೈಗೆ ಕುಳಿತಿದ್ದು, ನಾಲ್ಕಾರು ಭಾಷೆಗಳಲ್ಲಿ ಕೆಲಸ ಮಾಡುವವರು, ಈಮ್ಯಾಕ್ಸ್‌ನ ಭಾಷೆ ಎಲಿಸ್ಪ್ ಓದಲು ಅಂಜದವರು ಧೈರ್ಯವಾಗಿ ತೆಗೆದುಕೊಳ್ಳಿ. ಒಂದೆರಡೇ ಭಾಷೆ, ಹತ್ತು ಹನ್ನೆರಡು ಪ್ಯಾಕೇಜ್ ಸಾಕೆನ್ನುವವರಿಗೆ ಈಗ ಚೌಕಟ್ಟಿನ ಅಗತ್ಯ ಮೊದಲಿನಷ್ಟಿಲ್ಲ. ಪ್ಯಾಕೇಜ್‌ಗಳ ಸೆಟ್ಟಿಂಗ್ ಬರೆಯುವ ಯೂಸ್-ಪ್ಯಾಕೇಜ್, ಭಾಷಾ ಸರ್ವರ್‌ಗೆ ಸಂಪರ್ಕ ಕೊಡುವ ಎಗ್ಲಾಟ್ ಎರಡೂ ಈಮ್ಯಾಕ್ಸ್ 29ರಿಂದ ಒಳಗೇ ಇವೆ, 200 ಸಾಲಿನ ಸ್ವಂತ ಇನಿಟ್ ಫೈಲ್ ಅಂಥವರಿಗೆ ಹೆಚ್ಚು ನೆಮ್ಮದಿ ಕೊಡುತ್ತದೆ. ಈಗಾಗಲೇ ಡೂಮ್‌ನಲ್ಲಿ ಇರುವವರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಪ್ಯಾಕೇಜಸ್ ಫೈಲ್ ತೆರೆದು, ಪಿನ್ ಇಲ್ಲದ ಪ್ರತಿ ಸಾಲಿಗೂ ಈಗ ಸರಿಯಾಗಿ ನಡೆಯುತ್ತಿರುವ ಕಮಿಟ್‌ನ ಹ್ಯಾಶ್ ಹಾಕಿ, ಸಿಂಕ್ ಮಾಡಿ.